ಮಧುಮೇಹಕ್ಕೆ ಎರಡು ಔಷಧ ಸರಿ, ಎರಡೂ ಒಂದೇ ಮಾತ್ರೆಯಲ್ಲಿ ಇರಬೇಕೇ?

2025ರ ಮಾರ್ಚ್ 11ರಂದು ಎಂಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಔಷಧದ ಪೇಟೆಂಟ್ ಅವಧಿ ಭಾರತದಲ್ಲಿ ಮುಗಿಯಿತು. ಒಂದು ಮಾತ್ರೆಗೆ 60 ರೂಪಾಯಿಯ ಆಸುಪಾಸಿನಲ್ಲಿದ್ದ ಬೆಲೆ ಕೆಲವೇ ದಿನಗಳಲ್ಲಿ ಹತ್ತು ರೂಪಾಯಿಯ ಸುತ್ತಮುತ್ತ, ಕೆಲವು ಕಂಪನಿಗಳಲ್ಲಿ ಅದಕ್ಕೂ ಕೆಳಗೆ ಇಳಿಯಿತು. ಬೆನ್ನಿಗೇ ಅದನ್ನು ಮೆಟ್‌ಫಾರ್ಮಿನ್, ಲಿನಾಗ್ಲಿಪ್ಟಿನ್ ಮೊದಲಾದವುಗಳೊಂದಿಗೆ ಬೆರೆಸಿದ ಮಾತ್ರೆಗಳೂ ಅಂಗಡಿಗೆ ಬಂದವು. ಸರಿಯಾಗಿ ಒಂದು ತಿಂಗಳ ಬಳಿಕ, ಏಪ್ರಿಲ್ 11ರ ಪತ್ರದಲ್ಲಿ, ಭಾರತದ ಔಷಧ ಮಹಾನಿಯಂತ್ರಕರು ಅನುಮೋದನೆಯಿಲ್ಲದ 35 ಸಂಯೋಜಿತ ಔಷಧಗಳ ತಯಾರಿಕೆ ಮತ್ತು ಮಾರಾಟವನ್ನು ನಿಲ್ಲಿಸುವಂತೆ ಎಲ್ಲ ರಾಜ್ಯಗಳಿಗೆ ಸೂಚಿಸಿದರು. ಆ ಪಟ್ಟಿಯಲ್ಲಿ ನೋವಿನ ಮಾತ್ರೆ, ರಕ್ತದೊತ್ತಡದ ಮಾತ್ರೆಗಳ ಜೊತೆ ಮಧುಮೇಹದವೂ ಇದ್ದವು.

ಎರಡೂ ಸುದ್ದಿಗಳನ್ನು ಓದಿದವರಿಗೆ ಗೊಂದಲವಾದದ್ದು ಸಹಜ. ಎರಡು ಮೂರು ಔಷಧ ಸೇರಿಸಿದರೆ ಸಕ್ಕರೆ ಚೆನ್ನಾಗಿ ಹತೋಟಿಗೆ ಬರುತ್ತದೆ ಎಂದು ವೈದ್ಯರು ಹೇಳುತ್ತಾರೆ. ಹಾಗೆ ಸೇರಿಸಿದ ಮಾತ್ರೆಯನ್ನೇ ಸರ್ಕಾರ ನಿಲ್ಲಿಸುತ್ತದೆ. ಹಾಗಾದರೆ ಸೇರಿಸುವುದು ಒಳ್ಳೆಯದೋ, ಕೆಟ್ಟದ್ದೋ?

ಇಲ್ಲಿ ಎರಡು ಪ್ರಶ್ನೆಗಳು ಒಂದಕ್ಕೊಂದು ತೊಡರಿಕೊಂಡಿವೆ. ಒಬ್ಬ ರೋಗಿಗೆ ಒಂದಕ್ಕಿಂತ ಹೆಚ್ಚು ಔಷಧ ಬೇಕೇ ಎಂಬುದು ಒಂದು. ಬೇಕಾದ ಔಷಧಗಳನ್ನು ಒಂದೇ ಮಾತ್ರೆಯಲ್ಲಿ, ಬದಲಿಸಲಾಗದ ಪ್ರಮಾಣದಲ್ಲಿ ಕೂಡಿಸಿ ಕೊಡಬೇಕೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಉತ್ತರ ಬಹುಮಟ್ಟಿಗೆ ಸ್ಪಷ್ಟವಾಗಿದೆ. ತಕರಾರಿರುವುದು ಎರಡನೆಯದರಲ್ಲಿ.

ಒಂದೇ ಔಷಧ ಸಾಲದಾಗುವುದು ಏಕೆ

ಟೈಪ್ 2 ಮಧುಮೇಹದಲ್ಲಿ ಕೆಡುವುದು ಒಂದೇ ಅಂಗವಲ್ಲ. ಸ್ನಾಯುಗಳು ಇನ್ಸುಲಿನ್‌ಗೆ ಸರಿಯಾಗಿ ಸ್ಪಂದಿಸುವುದಿಲ್ಲ. ಯಕೃತ್ತು ರಾತ್ರಿಯೆಲ್ಲ ಬೇಕಾದದ್ದಕ್ಕಿಂತ ಹೆಚ್ಚು ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಖಾಲಿ ಹೊಟ್ಟೆಯಲ್ಲಿ ಪರೀಕ್ಷೆ ಮಾಡಿಸಿದರೂ ಸಕ್ಕರೆ ಹೆಚ್ಚಿರುವುದಕ್ಕೆ ಇದೇ ಮುಖ್ಯ ಕಾರಣ. ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ವರ್ಷ ಕಳೆದಂತೆ ಸೊರಗುತ್ತವೆ. ಊಟವಾದಾಗ ಇನ್ಸುಲಿನ್ ಸ್ರವಿಸಲು ಪ್ರಚೋದಿಸಬೇಕಾದ ಕರುಳಿನ ಹಾರ್ಮೋನುಗಳ ಪ್ರಭಾವ ಕುಗ್ಗುತ್ತದೆ. ಮೂತ್ರಪಿಂಡವಂತೂ ಸೋಸಿದ ಸಕ್ಕರೆಯ ಬಹುಪಾಲನ್ನು ಮತ್ತೆ ರಕ್ತಕ್ಕೇ ಹಿಂದಿರುಗಿಸುತ್ತಿರುತ್ತದೆ.

ಒಂದೊಂದು ಔಷಧ ಇವುಗಳಲ್ಲಿ ಒಂದೊಂದನ್ನು ಸರಿಪಡಿಸುತ್ತದೆ. ಮೆಟ್‌ಫಾರ್ಮಿನ್ ಮುಖ್ಯವಾಗಿ ಯಕೃತ್ತಿನಿಂದ ಸಕ್ಕರೆ ಹೊರಬೀಳುವುದನ್ನು ತಗ್ಗಿಸುತ್ತದೆ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ಗಳು ಬೀಟಾ ಕೋಶಗಳಿಂದ ಹೆಚ್ಚು ಇನ್ಸುಲಿನ್ ಹೊರಡಿಸುತ್ತವೆ. ಸಿಟಾಗ್ಲಿಪ್ಟಿನ್, ವಿಲ್ಡಾಗ್ಲಿಪ್ಟಿನ್, ಟೆನೆಲಿಗ್ಲಿಪ್ಟಿನ್‌ನಂಥ ‘ಗ್ಲಿಪ್ಟಿನ್’ಗಳು ಕರುಳಿನ ಹಾರ್ಮೋನು ಬೇಗ ನಾಶವಾಗದಂತೆ ಕಾಯುತ್ತವೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್‌ಗಳು ಹೆಚ್ಚಿನ ಸಕ್ಕರೆಯನ್ನು ಮೂತ್ರದ ಮೂಲಕ ಹೊರಗೆ ಕಳಿಸುತ್ತವೆ. ಪಯೋಗ್ಲಿಟಜೋನ್ ಇನ್ಸುಲಿನ್‌ಗೆ ಸ್ಪಂದಿಸುವ ಶಕ್ತಿಯನ್ನು ಹೆಚ್ಚಿಸುತ್ತದೆ. ವೋಗ್ಲಿಬೋಸ್ ಅನ್ನ, ರೊಟ್ಟಿಗಳ ಪಿಷ್ಟ ಒಡೆದು ಸಕ್ಕರೆಯಾಗುವುದನ್ನು ನಿಧಾನಿಸುತ್ತದೆ.

ಇನ್ನು ಲೆಕ್ಕಾಚಾರ ನೋಡಿ. ರಕ್ತದ ಸಕ್ಕರೆಯ ಮೂರು ತಿಂಗಳ ಸರಾಸರಿಯನ್ನು ತೋರಿಸುವ ಎಚ್‌ಬಿಎ1ಸಿ ಎಂಬ ಪರೀಕ್ಷೆಯ ಅಂಕಿ ಒಬ್ಬರಲ್ಲಿ ಶೇ 9.5 ಇದೆ, ಅದನ್ನು 7ಕ್ಕೆ ತರಬೇಕು ಎಂದಿಟ್ಟುಕೊಳ್ಳೋಣ. ಮೆಟ್‌ಫಾರ್ಮಿನ್ ಅದನ್ನು ಸಾಮಾನ್ಯವಾಗಿ ಒಂದರಿಂದ ಒಂದೂವರೆ ಅಂಶದಷ್ಟು ಇಳಿಸುತ್ತದೆ. ಗ್ಲಿಪ್ಟಿನ್‌ಗಳದು ಅರ್ಧದಿಂದ ಮುಕ್ಕಾಲು ಅಂಶದ ಕೆಲಸ. ಎರಡೂವರೆ ಅಂಶ ಇಳಿಸುವ ಒಂಟಿ ಮಾತ್ರೆ ಸಿಗುವುದು ಕಷ್ಟ. ಒಂದನ್ನೇ ಏರಿಸುತ್ತಾ ಹೋಗಬಹುದಲ್ಲ ಎಂದರೆ, ಪ್ರಮಾಣ ಇಮ್ಮಡಿಯಾದ ಮಾತ್ರಕ್ಕೆ ಪರಿಣಾಮ ಇಮ್ಮಡಿಯಾಗುವುದಿಲ್ಲ. ಅಡ್ಡಪರಿಣಾಮ ಮಾತ್ರ ಹೆಚ್ಚಬಹುದು. ಬೇರೆ ಬೇರೆ ಕಡೆ ಕೆಲಸ ಮಾಡುವ ಎರಡು ಔಷಧಗಳನ್ನು ಮಿತವಾದ ಪ್ರಮಾಣದಲ್ಲಿ ಕೊಡುವುದು ಒಂದನ್ನೇ ತುಂಬಿ ಕೊಡುವುದಕ್ಕಿಂತ ಮೇಲು ಎನ್ನುವುದಕ್ಕೆ ಇದೇ ಆಧಾರ.

ಕಾಲವೂ ಇದರಲ್ಲಿ ಸೇರಿಕೊಳ್ಳುತ್ತದೆ. ಬ್ರಿಟನ್ನಿನಲ್ಲಿ 1977ರಲ್ಲಿ ಆರಂಭವಾಗಿ ಎರಡು ದಶಕ ನಡೆದ ಯುಕೆಪಿಡಿಎಸ್ ಅಧ್ಯಯನ ಹೊಸದಾಗಿ ಮಧುಮೇಹ ಪತ್ತೆಯಾದ 5,102 ಜನರನ್ನು ಸೇರಿಸಿಕೊಂಡಿತ್ತು. ಮೂರು ವರ್ಷ ಕಳೆದಾಗ ಒಂದೇ ಔಷಧದಿಂದ ಎಚ್‌ಬಿಎ1ಸಿ 7ರ ಕೆಳಗಿದ್ದವರು ಸುಮಾರು ಅರ್ಧದಷ್ಟು. ಒಂಬತ್ತು ವರ್ಷಕ್ಕೆ ಕಾಲುಭಾಗ. ಪಥ್ಯ ತಪ್ಪಿದ್ದಕ್ಕೇ ಮಾತ್ರೆ ಹೆಚ್ಚಾಯಿತು ಎಂದು ಮನೆಯವರು ರೋಗಿಯನ್ನು ಬೈಯುವುದುಂಟು. ಊಟ, ವ್ಯಾಯಾಮ ಮುಖ್ಯವೇ. ಆದರೆ ಎರಡನೆಯ ಔಷಧ ಬೇಕಾಗುವುದು ಬಹಳ ಮಟ್ಟಿಗೆ ಈ ರೋಗದ ಸಹಜ ಗತಿ, ರೋಗಿಯ ತಪ್ಪಲ್ಲ.

ಮೊದಲೇ ಸೇರಿಸಬೇಕೇ, ಸೋತ ಮೇಲೆ ಸೇರಿಸಬೇಕೇ

ಹಳೆಯ ಪದ್ಧತಿ ಮೆಟ್ಟಿಲು ಹತ್ತುವಂಥದ್ದು. ಮೊದಲು ಮೆಟ್‌ಫಾರ್ಮಿನ್, ಅದು ಸಾಲದಾದಾಗ ಇನ್ನೊಂದು. ಇದರ ತೊಂದರೆ ಸಿದ್ಧಾಂತದಲ್ಲಿಲ್ಲ, ಆಚರಣೆಯಲ್ಲಿದೆ. ಮೊದಲ ಔಷಧ ಸೋತದ್ದು ಗೊತ್ತಾದ ಮೇಲೂ ‘ಇನ್ನೊಂದು ಮೂರು ತಿಂಗಳು ನೋಡೋಣ’ ಎಂದು ಮುಂದೂಡುತ್ತಾ ವರ್ಷಗಳೇ ಕಳೆಯುತ್ತವೆ. ಆ ಅವಧಿಯಲ್ಲಿ ಕಣ್ಣು, ಮೂತ್ರಪಿಂಡ, ಕಾಲಿನ ನರಗಳಿಗೆ ಹಾನಿ ಸದ್ದಿಲ್ಲದೆ ಬೆಳೆಯುತ್ತಿರುತ್ತದೆ.

ಇದನ್ನು ನೇರವಾಗಿ ಪರೀಕ್ಷೆಗೆ ಒಡ್ಡಿದ್ದು 2019ರಲ್ಲಿ ಫಲಿತಾಂಶ ಪ್ರಕಟವಾದ ವೆರಿಫೈ ಅಧ್ಯಯನ. 34 ದೇಶಗಳ 2,001 ಹೊಸ ರೋಗಿಗಳಲ್ಲಿ ಒಂದು ಗುಂಪಿಗೆ ಮೊದಲ ದಿನದಿಂದಲೇ ಮೆಟ್‌ಫಾರ್ಮಿನ್ ಮತ್ತು ವಿಲ್ಡಾಗ್ಲಿಪ್ಟಿನ್ ಎರಡನ್ನೂ ಕೊಡಲಾಯಿತು. ಇನ್ನೊಂದು ಗುಂಪಿಗೆ ಮೆಟ್‌ಫಾರ್ಮಿನ್ ಮಾತ್ರ; ಅದು ಸೋತಾಗ ವಿಲ್ಡಾಗ್ಲಿಪ್ಟಿನ್. ಐದು ವರ್ಷಗಳಲ್ಲಿ ಮೊದಲ ಹಂತದ ಚಿಕಿತ್ಸೆ ಸೋತದ್ದು ಒಂಟಿ ಔಷಧದ ಗುಂಪಿನಲ್ಲಿ ಶೇ 62.1ರಷ್ಟು ಜನರಲ್ಲಿ, ಜೋಡಿ ಔಷಧದ ಗುಂಪಿನಲ್ಲಿ ಶೇ 43.6ರಷ್ಟು ಜನರಲ್ಲಿ.

ಇಲ್ಲಿಗೇ ತೀರ್ಪು ಕೊಟ್ಟುಬಿಡುವಂತಿಲ್ಲ. ಆ ಅಧ್ಯಯನಕ್ಕೆ ಹಣ ಕೊಟ್ಟದ್ದು ವಿಲ್ಡಾಗ್ಲಿಪ್ಟಿನ್ ತಯಾರಿಸುವ ನೊವಾರ್ಟಿಸ್ ಕಂಪನಿ. ಅಳೆದದ್ದು ಸಕ್ಕರೆಯ ಹತೋಟಿಯನ್ನು. ಹೃದಯಾಘಾತ ಅಥವಾ ಮೂತ್ರಪಿಂಡ ವೈಫಲ್ಯ ಕಡಿಮೆಯಾಯಿತೇ ಎಂಬುದನ್ನು ತೀರ್ಮಾನಿಸಲು ಅದನ್ನು ರೂಪಿಸಿರಲಿಲ್ಲ. ಇನ್ನೊಂದು ಅಂಶವೂ ಇದೆ: ಮೆಟ್‌ಫಾರ್ಮಿನ್ ಒಂದನ್ನೇ ಪಡೆದವರಲ್ಲಿ ಶೇ 38ರಷ್ಟು ಜನ ಐದು ವರ್ಷ ಅದರಲ್ಲೇ ನಿಭಾಯಿಸಿದರು. ಎಲ್ಲರಿಗೂ ಮೊದಲ ದಿನವೇ ಎರಡು ಔಷಧ ಬರೆದರೆ ಇವರು ಬೇಡದ ಮಾತ್ರೆಯನ್ನು ವರ್ಷಗಟ್ಟಲೆ ಕೊಂಡು ನುಂಗಿದಂತಾಗುತ್ತದೆ. ಅಮೆರಿಕದ ಮಧುಮೇಹ ಸಂಘದ ಮಾರ್ಗಸೂಚಿ ಇವೆರಡರ ನಡುವೆ ನಿಲ್ಲುತ್ತದೆ. ಎಚ್‌ಬಿಎ1ಸಿ ಗುರಿಗಿಂತ ಒಂದೂವರೆಯಿಂದ ಎರಡು ಅಂಶ ಮೇಲಿದ್ದರೆ ಆರಂಭದಲ್ಲೇ ಎರಡು ಔಷಧಗಳನ್ನು ಪರಿಗಣಿಸಬಹುದು ಎನ್ನುತ್ತದೆ. ಇದು ನ್ಯಾಯವಾದ ನಿಲುವು ಎಂದೇ ನನಗೆ ಕಾಣುತ್ತದೆ.

ಯಾವುದರ ಜೊತೆ ಯಾವುದು

ಅಮೆರಿಕದ ಸರ್ಕಾರಿ ನೆರವಿನ ಗ್ರೇಡ್ ಅಧ್ಯಯನ 2022ರಲ್ಲಿ ಇದಕ್ಕೆ ಒಂದಿಷ್ಟು ಉತ್ತರ ಕೊಟ್ಟಿತು. ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದ 5,047 ಜನರಿಗೆ ಗ್ಲಿಮೆಪಿರೈಡ್, ಸಿಟಾಗ್ಲಿಪ್ಟಿನ್ ಮಾತ್ರೆಗಳಲ್ಲೊಂದನ್ನು, ಇಲ್ಲವೇ ಲಿರಾಗ್ಲುಟೈಡ್, ಗ್ಲಾರ್ಜಿನ್ ಚುಚ್ಚುಮದ್ದುಗಳಲ್ಲೊಂದನ್ನು ಸೇರಿಸಿ ಸರಾಸರಿ ಐದು ವರ್ಷ ನೋಡಲಾಯಿತು. ಚುಚ್ಚುಮದ್ದುಗಳು ಸ್ವಲ್ಪ ಮುಂದಿದ್ದವು. ಆದರೆ ಒಟ್ಟಾರೆ ಶೇ 71ರಷ್ಟು ಜನರಲ್ಲಿ ಎಚ್‌ಬಿಎ1ಸಿ ಮತ್ತೆ 7ನ್ನು ಮುಟ್ಟಿತು ಅಥವಾ ದಾಟಿತು. ಎರಡನೆಯ ಔಷಧ ಶಾಶ್ವತ ಪರಿಹಾರವಲ್ಲ ಎಂಬ ಕಹಿ ಸತ್ಯ ಇದರಲ್ಲಿದೆ.

ಹಾಗಾದರೆ ಆಯ್ಕೆಗೆ ಆಧಾರವೇನು? ಸಕ್ಕರೆಯ ಅಂಕಿಯೊಂದೇ ಅಲ್ಲ. 2015ರಲ್ಲಿ ಪ್ರಕಟವಾದ ಎಂಪಾ-ರೆಗ್ ಅಧ್ಯಯನದಲ್ಲಿ, ಮೊದಲೇ ಹೃದಯ ಮತ್ತು ರಕ್ತನಾಳದ ಕಾಯಿಲೆಯಿದ್ದ ಮಧುಮೇಹಿಗಳಲ್ಲಿ ಎಂಪಾಗ್ಲಿಫ್ಲೋಜಿನ್ ಆ ಕಾರಣದ ಸಾವಿನ ಅಪಾಯವನ್ನು ಶೇ 38ರಷ್ಟು ತಗ್ಗಿಸಿತು. ಸಕ್ಕರೆ ಇಳಿಸುವುದರಲ್ಲಿ ಈ ಔಷಧ ಅಷ್ಟೇನೂ ಜೋರಿನದ್ದಲ್ಲ. ಆದರೂ ಹೃದಯ ವೈಫಲ್ಯ ಅಥವಾ ಮೂತ್ರಪಿಂಡದ ತೊಂದರೆ ಇರುವವರಿಗೆ ಎಚ್‌ಬಿಎ1ಸಿ ಎಷ್ಟೇ ಇರಲಿ, ಈ ವರ್ಗದ ಔಷಧವನ್ನು ಸೇರಿಸಿ ಎಂದು ಇಂದಿನ ಮಾರ್ಗಸೂಚಿಗಳು ಹೇಳುವುದು ಇದೇ ಕಾರಣಕ್ಕೆ. ಇನ್ನೊಂದೆಡೆ 2019ರ ಕ್ಯಾರೊಲಿನಾ ಅಧ್ಯಯನ ಗ್ಲಿಮೆಪಿರೈಡ್ ಮತ್ತು ಲಿನಾಗ್ಲಿಪ್ಟಿನ್‌ಗಳನ್ನು ಹೋಲಿಸಿತು. ಹೃದಯದ ವಿಷಯದಲ್ಲಿ ಎರಡೂ ಸರಿಸಮ. ಸಕ್ಕರೆ ತೀರಾ ಇಳಿದು ಹೋಗುವ ಘಟನೆ ಮಾತ್ರ ಗ್ಲಿಮೆಪಿರೈಡ್ ಪಡೆದವರಲ್ಲಿ ಶೇ 37.7, ಲಿನಾಗ್ಲಿಪ್ಟಿನ್ ಪಡೆದವರಲ್ಲಿ ಶೇ 10.6. ಒಂಟಿಯಾಗಿ ವಾಸಿಸುವ ವೃದ್ಧರಿಗೆ, ಬಸ್ ಓಡಿಸುವವರಿಗೆ ಈ ವ್ಯತ್ಯಾಸ ಬಹಳ ದೊಡ್ಡದು. ಕೈಯಲ್ಲಿ ಹಣವಿಲ್ಲದವರಿಗೆ ಗ್ಲಿಮೆಪಿರೈಡ್ ಬಲು ಅಗ್ಗ ಎಂಬುದೂ ಅಷ್ಟೇ ದೊಡ್ಡದು. 2022ರ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿ ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಜೊತೆಗೆ ಟೆನೆಲಿಗ್ಲಿಪ್ಟಿನ್ ಕೂಡ ಸೇರಿರುವುದರಿಂದ ಸಾಧಾರಣ ಆದಾಯದವರಿಗೂ ಈಗ ಒಂದು ನಡುದಾರಿ ಇದೆ.

ಕೆಲವು ಜೋಡಿಗಳು ಮಾತ್ರ ಅರ್ಥವಿಲ್ಲದವು. ಗ್ಲಿಮೆಪಿರೈಡ್ ಮತ್ತು ರೆಪಾಗ್ಲಿನೈಡ್ ಎರಡೂ ಬೀಟಾ ಕೋಶದ ಮೇಲೇ ಹೆಚ್ಚುಕಡಿಮೆ ಒಂದೇ ರೀತಿ ಕೆಲಸ ಮಾಡುತ್ತವೆ. ಸೇರಿಸಿದರೆ ಲಾಭಕ್ಕಿಂತ ಸಕ್ಕರೆ ಕುಸಿಯುವ ಭಯವೇ ಹೆಚ್ಚು. ಕರುಳಿನ ಹಾರ್ಮೋನಿನಂತೆಯೇ ಕೆಲಸ ಮಾಡುವ ಸೆಮಾಗ್ಲುಟೈಡ್ ಮಾತ್ರೆ ತೆಗೆದುಕೊಳ್ಳುವವರಿಗೆ ಗ್ಲಿಪ್ಟಿನ್ ಸೇರಿಸಿ ಫಲವಿಲ್ಲ.

ಒಂದೇ ಮಾತ್ರೆಯ ಅನುಕೂಲ

ಸಂಯೋಜಿತ ಮಾತ್ರೆಯ ಪರವಾದ ವಾದ ಸುಳ್ಳಲ್ಲ. ರಕ್ತದೊತ್ತಡಕ್ಕೆ ಒಂದು, ಕೊಲೆಸ್ಟರಾಲ್‌ಗೆ ಒಂದು, ಹೃದಯಕ್ಕೆ ಒಂದು ಎಂದು ಈಗಾಗಲೇ ನುಂಗುತ್ತಿರುವ ಹಿರಿಯರಿಗೆ ಸಕ್ಕರೆಗೆ ಮೂರರ ಬದಲು ಒಂದಾದರೆ ಮರೆಯುವುದು ಕಡಿಮೆಯಾಗುತ್ತದೆ. ಹಣದ ಲೆಕ್ಕವೂ ಇದೆ. 2022ರಲ್ಲಿ ಸಿಟಾಗ್ಲಿಪ್ಟಿನ್ ಪೇಟೆಂಟ್ ಮುಗಿದಾಗ ಜನೌಷಧಿ ಕೇಂದ್ರಗಳು 50 ಮಿಲಿಗ್ರಾಂನ ಹತ್ತು ಮಾತ್ರೆಗಳಿಗೆ 60 ರೂಪಾಯಿ ಬೆಲೆ ಇಟ್ಟವು. ಅದರೊಂದಿಗೆ 500 ಮಿಲಿಗ್ರಾಂ ಮೆಟ್‌ಫಾರ್ಮಿನ್ ಬೆರೆಸಿದ ಹತ್ತಕ್ಕೆ 65 ರೂಪಾಯಿ. ಐದೇ ರೂಪಾಯಿಗೆ ಹತ್ತು ಮಾತ್ರೆಗಳಷ್ಟು ಮೆಟ್‌ಫಾರ್ಮಿನ್ ಸಿಕ್ಕಂತಾಯಿತು. 10.1 ಕೋಟಿ ಮಧುಮೇಹಿಗಳಿದ್ದಾರೆಂದು ಐಸಿಎಂಆರ್ ನೆರವಿನ ಅಧ್ಯಯನ 2023ರಲ್ಲಿ ಅಂದಾಜಿಸಿದ ದೇಶದಲ್ಲಿ ಈ ಉಳಿತಾಯವನ್ನು ಹಗುರವಾಗಿ ಕಾಣಲಾಗದು.

ಪ್ರಮಾಣ ಕಟ್ಟಿಹಾಕಿದಾಗ ಆಗುವುದು

ತೊಂದರೆ ಎಲ್ಲಿಂದ ಶುರುವಾಗುತ್ತದೆ ಎಂಬುದನ್ನು ನಮ್ಮಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ಗ್ಲಿಮೆಪಿರೈಡ್-ಮೆಟ್‌ಫಾರ್ಮಿನ್ ಮಾತ್ರೆಯಲ್ಲೇ ನೋಡಬಹುದು. ಗ್ಲಿಮೆಪಿರೈಡ್ ದಿನಕ್ಕೊಮ್ಮೆ, ಬೆಳಗಿನ ತಿಂಡಿಯ ಹೊತ್ತಿಗೆ ತೆಗೆದುಕೊಳ್ಳಬೇಕಾದ ಔಷಧ. ಮೆಟ್‌ಫಾರ್ಮಿನ್ ಅನ್ನು ಸಾಮಾನ್ಯವಾಗಿ ಬೆಳಗ್ಗೆ, ರಾತ್ರಿ ಎರಡು ಹೊತ್ತು ಊಟದೊಂದಿಗೆ ಕೊಡುತ್ತಾರೆ. ಎರಡನ್ನೂ ಒಂದೇ ಮಾತ್ರೆಯಲ್ಲಿ ಕೂಡಿಸಿ, ಮೆಟ್‌ಫಾರ್ಮಿನ್ ಹೆಚ್ಚಿಸಲೆಂದು ಆ ಮಾತ್ರೆಯನ್ನು ದಿನಕ್ಕೆರಡು ಬಾರಿ ಬರೆದರೆ ಗ್ಲಿಮೆಪಿರೈಡ್ ಕೂಡ ಇಮ್ಮಡಿಯಾಯಿತು. ಅದರ ಅರ್ಧ ಪಾಲು ರಾತ್ರಿ ಹೊಟ್ಟೆಗೆ ಹೋಯಿತು. ರಾತ್ರಿ ಒಂದು ಲೋಟ ಮಜ್ಜಿಗೆ ಕುಡಿದು ಮಲಗುವ ಎಪ್ಪತ್ತರ ವೃದ್ಧರಿಗೆ ನಸುಕಿನಲ್ಲಿ ಬೆವರು, ನಡುಕ, ಎದ್ದರೆ ಬೀಳುವ ಸ್ಥಿತಿ ಬರಲು ಇಷ್ಟು ಸಾಕು. ಬೇಕಾಗಿದ್ದದ್ದು ಮೆಟ್‌ಫಾರ್ಮಿನ್, ಏರಿದ್ದು ಇನ್ನೊಂದು.

ಮಾತ್ರೆಯ ಪಟ್ಟಿಯ ಮೇಲಿನ ಹೆಸರೂ ನೆರವಾಗುವುದಿಲ್ಲ. ಬ್ರ್ಯಾಂಡ್ ಹೆಸರಿನ ಮುಂದೆ 1, 2 ಎಂದಿದ್ದರೆ ಅದು ಸಾಮಾನ್ಯವಾಗಿ ಗ್ಲಿಮೆಪಿರೈಡ್ ಎಷ್ಟು ಮಿಲಿಗ್ರಾಂ ಎಂಬುದರ ಗುರುತು. ‘ಫೋರ್ಟ್’ ಎಂದಿದ್ದರೆ ಹೆಚ್ಚಾಗಿ ಮೆಟ್‌ಫಾರ್ಮಿನ್ 500ರ ಬದಲು 1000 ಎಂದು. ಒಂದರ ಬದಲು ಎರಡು ಎಂದಿರುವ ಪಟ್ಟಿ ಕೈಗೆ ಬಂದರೆ ಸಕ್ಕರೆ ಇಳಿಸುವ ಔಷಧ ದುಪ್ಪಟ್ಟಾಗುತ್ತದೆ. ರೋಗಿಗೆ ಕಾಣುವುದು ಅದೇ ಹೆಸರು, ಅದೇ ಬಣ್ಣ.

ಮೂತ್ರಪಿಂಡ ದುರ್ಬಲವಾದಾಗ ಇನ್ನೊಂದು ಬಿಕ್ಕಟ್ಟು. ಸೋಸುವ ಶಕ್ತಿಯನ್ನು ತೋರಿಸುವ ಇಜಿಎಫ್‌ಆರ್ 30ಕ್ಕಿಂತ ಕೆಳಗಿಳಿದರೆ ಮೆಟ್‌ಫಾರ್ಮಿನ್ ನಿಲ್ಲಿಸಬೇಕು. ಬಿಡಿ ಮಾತ್ರೆಯಾದರೆ ಅದೊಂದನ್ನು ಕೈಬಿಟ್ಟರಾಯಿತು. ಮೂರು ಸೇರಿದ ಮಾತ್ರೆಯಾದರೆ ಇಡೀ ಚಿಕಿತ್ಸೆಯನ್ನೇ ಹೊಸದಾಗಿ ಜೋಡಿಸಬೇಕಾಗುತ್ತದೆ. ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ವಾಂತಿ, ಜ್ವರ ಬಂದು ಊಟ ಬಿಟ್ಟಾಗ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕು. ಶಸ್ತ್ರಚಿಕಿತ್ಸೆ ಇದ್ದರೆ ಮೂರು ದಿನ ಮೊದಲೇ. ಇಲ್ಲದಿದ್ದರೆ ಗ್ಲುಕೋಮೀಟರ್‌ನಲ್ಲಿ ಸಕ್ಕರೆ ತೀರಾ ಹೆಚ್ಚಾಗಿ ಕಾಣದಿರುವಾಗಲೇ ರಕ್ತದಲ್ಲಿ ಆಮ್ಲ ಸೇರಿ ಪ್ರಾಣಕ್ಕೆ ಸಂಚಕಾರ ಬರಬಹುದು. ಏಕಾದಶಿಯ ಉಪವಾಸಕ್ಕಾಗಲಿ, ರಂಜಾನ್ ಉಪವಾಸಕ್ಕಾಗಲಿ ಮೊದಲೇ ವೈದ್ಯರನ್ನು ಕೇಳಿಕೊಳ್ಳಬೇಕು ಎನ್ನುವುದು ಇದಕ್ಕೇ. ತಾನು ನುಂಗುವ ಮಾತ್ರೆಯೊಳಗೆ ಅದು ಇದೆ ಎಂಬುದೇ ರೋಗಿಗೆ ಗೊತ್ತಿಲ್ಲದಿದ್ದರೆ ಕೇಳುವುದಾದರೂ ಹೇಗೆ?

ಗ್ಲಿಮೆಪಿರೈಡ್, ಮೆಟ್‌ಫಾರ್ಮಿನ್, ವೋಗ್ಲಿಬೋಸ್ ಮೂರೂ ಸೇರಿದ ಮಾತ್ರೆಯಲ್ಲಿ ಅಡಗಿರುವ ಅಪಾಯ ಇನ್ನೂ ಸೂಕ್ಷ್ಮವಾದದ್ದು. ಸಕ್ಕರೆ ಇಳಿದು ಕೈಕಾಲು ನಡುಗಿದಾಗ ನಮ್ಮ ಮನೆಗಳಲ್ಲಿ ಮೊದಲು ಬಾಯಿಗೆ ಹಾಕುವುದು ಒಂದು ಚಮಚ ಸಕ್ಕರೆ ಅಥವಾ ಬೆಲ್ಲದ ಚೂರು. ಆ ಸಕ್ಕರೆ ಕರುಳಿನಲ್ಲಿ ಒಡೆದ ಮೇಲಷ್ಟೇ ರಕ್ತಕ್ಕೆ ಸೇರುತ್ತದೆ. ಹಾಗೆ ಒಡೆಯುವುದನ್ನೇ ವೋಗ್ಲಿಬೋಸ್ ತಡೆಯುತ್ತದೆ. ಕುಸಿತವನ್ನು ತರುವ ಔಷಧವೂ, ಮನೆಮದ್ದನ್ನು ನಿಧಾನಗೊಳಿಸುವ ಔಷಧವೂ ಒಂದೇ ಮಾತ್ರೆಯಲ್ಲಿವೆ. ಇಂಥವರು ಅಂಗಡಿಯಲ್ಲಿ ಸಿಗುವ ಗ್ಲೂಕೋಸ್ ಪುಡಿಯನ್ನೇ ನೀರಿಗೆ ಬೆರೆಸಿ ಕುಡಿಯಬೇಕು. ಮಾತ್ರೆ ಬರೆಯುವಾಗ ಈ ಮಾತನ್ನು ಹೇಳದಿರುವುದು ದೊಡ್ಡ ಲೋಪ.

ನಿಷೇಧದ ಪಟ್ಟಿಗಳು ಹುಟ್ಟುವುದು ಎಲ್ಲಿಂದ

ಔಷಧ ತಯಾರಿಕೆಯ ಪರವಾನಗಿ ಕೊಡುವುದು ರಾಜ್ಯಗಳು. ಆದರೆ ಎರಡು ಔಷಧಗಳನ್ನು ಮೊದಲ ಬಾರಿಗೆ ಕೂಡಿಸಿದರೆ ಅದು ಕಾನೂನಿನ ಕಣ್ಣಿಗೆ ಹೊಸ ಔಷಧ. ಸುರಕ್ಷತೆ ಮತ್ತು ಪರಿಣಾಮವನ್ನು ಪರಿಶೀಲಿಸಿ ಕೇಂದ್ರ ಒಪ್ಪಬೇಕು. ಹಲವು ಸಂಯೋಜನೆಗಳು ಈ ಹಂತವನ್ನು ದಾಟದೆ ನೇರವಾಗಿ ರಾಜ್ಯದ ಪರವಾನಗಿಯ ಮೇಲೆ ಮಾರುಕಟ್ಟೆಗೆ ಬಂದವು. ಗೋಜಲಿನ ಬೇರು ಇದು.

ಅದನ್ನು ಬಿಡಿಸಲು 2014ರಲ್ಲಿ ರಚನೆಯಾದ ತಜ್ಞರ ಸಮಿತಿಯ ನೇತೃತ್ವ ವಹಿಸಿದವರು ಬೆಳಗಾವಿಯ ಕೆಎಲ್‌ಇ ವಿಶ್ವವಿದ್ಯಾಲಯದ ಅಂದಿನ ಕುಲಪತಿ ಚಂದ್ರಕಾಂತ ಕೋಕಾಟೆ. ಸಮಿತಿ ಆರು ಸಾವಿರಕ್ಕೂ ಹೆಚ್ಚು ಸಂಯೋಜನೆಗಳನ್ನು ಪರಿಶೀಲಿಸಿತು. 2016ರ ಮಾರ್ಚ್‌ನಲ್ಲಿ ಕೇಂದ್ರ 344 ಸಂಯೋಜನೆಗಳನ್ನು ನಿಷೇಧಿಸಿತು. ಗ್ಲಿಮೆಪಿರೈಡ್, ಪಯೋಗ್ಲಿಟಜೋನ್, ಮೆಟ್‌ಫಾರ್ಮಿನ್ ಸೇರಿದ ಕೆಲವು ಮಾತ್ರೆಗಳೂ ಅದರಲ್ಲಿದ್ದವು. ಕಂಪನಿಗಳು ನ್ಯಾಯಾಲಯಕ್ಕೆ ಹೋದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ಆದೇಶವನ್ನು ರದ್ದುಮಾಡಿತು. 2017ರಲ್ಲಿ ಸುಪ್ರೀಂ ಕೋರ್ಟ್ ಪ್ರಕರಣವನ್ನು ಔಷಧ ತಾಂತ್ರಿಕ ಸಲಹಾ ಮಂಡಳಿಯ ಪರಿಶೀಲನೆಗೆ ಕಳಿಸಿತು. 2018ರ ಸೆಪ್ಟೆಂಬರ್‌ನಲ್ಲಿ 328 ಸಂಯೋಜನೆಗಳ ಮೇಲೆ ಮತ್ತೆ ನಿಷೇಧ ಬಂತು.

ಕಂಪನಿಗಳ ವಾದ: ರಾಜ್ಯ ಪರವಾನಗಿ ಕೊಟ್ಟಿತ್ತು, ವರ್ಷಗಳಿಂದ ವೈದ್ಯರು ಬರೆಯುತ್ತಿದ್ದಾರೆ, ನಾವು ನಿಯಮ ಮುರಿದಿಲ್ಲ. ಕೇಂದ್ರದ ವಾದ: ಬಹಳ ಕಾಲ ಮಾರಾಟವಾಯಿತು ಎಂಬುದು ಪುರಾವೆಯಲ್ಲ. ಎರಡನೆಯ ವಾದವೇ ಗಟ್ಟಿಯಾದದ್ದು. ಆದರೆ ಮೊದಲ ವಾದಕ್ಕೆ ಅವಕಾಶ ಮಾಡಿಕೊಟ್ಟದ್ದು ಕೇಂದ್ರ ಮತ್ತು ರಾಜ್ಯಗಳ ನಡುವಿನ ಈ ಸಡಿಲು ವ್ಯವಸ್ಥೆಯೇ. 2025ರ ಪತ್ರವೂ ಅದನ್ನೇ ಎತ್ತಿ ತೋರಿಸಿತು. ಒಂದು ಮಾತ್ರೆ ಪಟ್ಟಿಯಲ್ಲಿದೆ ಎಂದರೆ ಅದರೊಳಗಿನ ಒಂದೊಂದು ಔಷಧವೂ ವಿಷ ಎಂದಲ್ಲ. ಆ ಜೋಡಣೆಯನ್ನು, ಆ ಪ್ರಮಾಣವನ್ನು ಯಾರೂ ಸರಿಯಾಗಿ ಪರೀಕ್ಷಿಸಿ ಒಪ್ಪಿಲ್ಲ ಎಂದು. ಹಾಗೆಯೇ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರ ಒಂದು ಸಂಯೋಜಿತ ಮಾತ್ರೆಗೆ ಬೆಲೆ ಗೊತ್ತುಮಾಡಿತು ಎಂಬ ಸುದ್ದಿಯನ್ನು ಆ ಮಾತ್ರೆ ಎಲ್ಲರಿಗೂ ಹಿತ ಎಂದು ಓದಬಾರದು. ಅದರ ಕೆಲಸ ಬೆಲೆಯದ್ದು.

ಅಗ್ಗವಾದ ಮೇಲೆ

ವಿಲ್ಡಾಗ್ಲಿಪ್ಟಿನ್ 2019ರಲ್ಲಿ, ಡಾಪಾಗ್ಲಿಫ್ಲೋಜಿನ್ 2020ರಲ್ಲಿ, ಸಿಟಾಗ್ಲಿಪ್ಟಿನ್ 2022ರಲ್ಲಿ, ಎಂಪಾಗ್ಲಿಫ್ಲೋಜಿನ್ 2025ರಲ್ಲಿ ಪೇಟೆಂಟ್ ಕಳೆದುಕೊಂಡವು. ಇದರಿಂದಾದ ಒಳಿತು ನಿಜವಾದದ್ದು: ಹೃದಯ ಮತ್ತು ಮೂತ್ರಪಿಂಡವನ್ನು ಕಾಯುವ ಔಷಧ ದಿನಕ್ಕೆ ಹತ್ತು ರೂಪಾಯಿಯ ಆಸುಪಾಸಿಗೆ ಬಂದಿದೆ. ಆದರೆ ಮೂಲ ಔಷಧ ಎಲ್ಲರ ಬಳಿಯೂ ಇರುವಾಗ, ಬೆಲೆಯಲ್ಲೂ ಹೆಚ್ಚು ಅಂತರವಿಲ್ಲದಿರುವಾಗ, ಕಂಪನಿಗಳು ಪರಸ್ಪರ ಬೇರೆಯಾಗಿ ಕಾಣಲು ಉಳಿಯುವ ಸುಲಭ ದಾರಿ ಹೊಸ ಜೋಡಣೆ. ಹಾಗಾಗಿ ಮೂರು ಔಷಧಗಳ ಮಾತ್ರೆಗಳು ಇನ್ನೂ ಹೆಚ್ಚುತ್ತವೆ, ಅವುಗಳ ಹಿಂದೆಯೇ ಇನ್ನಷ್ಟು ಪಟ್ಟಿಗಳೂ ಬರುತ್ತವೆ ಎಂದು ನಿರೀಕ್ಷಿಸುವುದೇ ವಿವೇಕ.

ರಾಜ್ಯಗಳು ಪರವಾನಗಿ ಕೊಡುವ ಮುನ್ನ ಕೇಂದ್ರದ ಒಪ್ಪಿಗೆಯನ್ನು ತಾಳೆ ನೋಡುವುದು ಕಡ್ಡಾಯವಾದರೆ ಅರ್ಧ ಸಮಸ್ಯೆ ಕಡಿಮೆಯಾಗುತ್ತದೆ. ಉಳಿದರ್ಧ ಬರೆಯುವ ಕೈಯಲ್ಲಿದೆ. ಬಿಡಿ ಮಾತ್ರೆಗಳಲ್ಲಿ ಆರಂಭಿಸಿ, ಎಷ್ಟು ಬೇಕು ಎಂಬುದು ಕೆಲವು ತಿಂಗಳಲ್ಲಿ ಗೊತ್ತಾದ ಮೇಲೆ, ಅದೇ ಪ್ರಮಾಣದ ಅನುಮೋದಿತ ಸಂಯೋಜಿತ ಮಾತ್ರೆ ಇದ್ದರೆ ಅದಕ್ಕೆ ಬದಲಾಯಿಸುವುದು ಸರಿಯಾದ ಕ್ರಮ. ಆಗ ಕಾಲು ಊದಿಕೊಂಡರೆ ಪಯೋಗ್ಲಿಟಜೋನ್‌ನಿಂದಲೋ, ಹೊಟ್ಟೆ ಕೆಟ್ಟರೆ ಮೆಟ್‌ಫಾರ್ಮಿನ್‌ನಿಂದಲೋ ಎಂದು ಮೊದಲೇ ತಿಳಿದಿರುತ್ತದೆ. ಮೂರನ್ನೂ ಒಂದೇ ದಿನ ಒಂದೇ ಮಾತ್ರೆಯಲ್ಲಿ ಶುರುಮಾಡಿದರೆ ದೂರು ಯಾವುದರ ಮೇಲೆ ಎಂದು ಹೇಳಲು ಬರುವುದಿಲ್ಲ.

ನಿಮ್ಮ ಮಾತ್ರೆ ಅಂಗಡಿಯಲ್ಲಿ ಸಿಗದಿದ್ದರೆ

ನಿಷೇಧದ ಪಟ್ಟಿಯ ಸುದ್ದಿ ಓದಿ ಭಯದಿಂದ ಮಾತ್ರೆ ನಿಲ್ಲಿಸುವುದು ಅತಿ ದೊಡ್ಡ ಅಪಾಯ. ಇಂಥ ತೀರ್ಮಾನ ಬದಲಾಗುವುದೂ ಉಂಟು: 2013ರ ಜೂನ್‌ನಲ್ಲಿ ಪಯೋಗ್ಲಿಟಜೋನ್ ಮಾರಾಟವನ್ನು ತಡೆಹಿಡಿದ ಸರ್ಕಾರ ಜುಲೈ ಕೊನೆಗೆ ಎಚ್ಚರಿಕೆಯ ಒಕ್ಕಣೆಯೊಂದಿಗೆ ಮತ್ತೆ ಅನುಮತಿಸಿತು. ಅಷ್ಟರಲ್ಲಿ ಔಷಧವಿಲ್ಲದೆ ಕಳೆದ ವಾರಗಳ ಸಕ್ಕರೆಯನ್ನು ದೇಹ ಮಾತ್ರ ಲೆಕ್ಕದಿಂದ ಬಿಡುವುದಿಲ್ಲ. ಅಂಗಡಿಯವರು ‘ಅದಿಲ್ಲ, ಇದು ಅದರಂತೆಯೇ’ ಎಂದು ಕೊಡುವುದನ್ನೂ ಹಾಗೆಯೇ ತೆಗೆದುಕೊಳ್ಳಬಾರದು. ಮಾತ್ರೆಯ ಪಟ್ಟಿಯ ಹಿಂಬದಿಯಲ್ಲಿ ಚಿಕ್ಕ ಅಕ್ಷರದಲ್ಲಿ ಮುದ್ರಿಸಿರುವ ಔಷಧಗಳ ಹೆಸರು ಮತ್ತು ಮಿಲಿಗ್ರಾಂಗಳನ್ನು ಮನೆಯಲ್ಲಿ ಕಣ್ಣು ಚೆನ್ನಾಗಿರುವವರಿಂದ ಓದಿಸಿ ಒಂದು ಚೀಟಿಯಲ್ಲಿ ಬರೆದುಕೊಂಡು ವೈದ್ಯರ ಬಳಿಗೆ ಒಯ್ಯುವುದು ಒಳ್ಳೆಯದು. ಸಂಯೋಜನೆ ನಿಂತರೂ ಅದರೊಳಗಿನ ಔಷಧಗಳು ಸಾಮಾನ್ಯವಾಗಿ ಬಿಡಿಯಾಗಿ ಸಿಗುತ್ತವೆ. ಆ ಚೀಟಿಯೊಂದಿದ್ದರೆ ಯಾವುದನ್ನು ಉಳಿಸಬೇಕು, ಯಾವುದನ್ನು ತಗ್ಗಿಸಬೇಕು ಎಂದು ವೈದ್ಯರು ಒಂದೇ ಭೇಟಿಯಲ್ಲಿ ನಿರ್ಧರಿಸಬಲ್ಲರು. ಅದೇ ಭೇಟಿಯಲ್ಲಿ ಇಜಿಎಫ್‌ಆರ್ ಪರೀಕ್ಷೆ ಮಾಡಿಸಿ ಎಷ್ಟು ದಿನವಾಯಿತು ಎಂದೂ ಕೇಳಿಕೊಳ್ಳಬಹುದು.